ತಿಂಗಳ ಕೊನೆಯ ಸೀರೆ

ಕಾಂತಾ ಬಂದು ಬಾಗಿಲಲ್ಲಿ ನಿಂತಾಗ ಈರಯ್ಯ ಎರಡನೇ ಕಪ್ ಚಹಾದ ಆಸೆಯಲ್ಲಿದ್ದ. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತನಾದ ಮೇಲೆ ಸಂಜೆ ಹೋಗಿ ಕೂರಲು ಅವನಿಗಿದ್ದದ್ದು ಒಂದೇ ಮನೆ, ಶಹಾಪುರದ ಓಣಿಯ ಸುಂದರಾಬಾಯಿಯವರದು. ಬಾಯಿ ಮೂವತ್ತು ವರ್ಷ ಟೆಲಿಫೋನ್ ಆಫೀಸಿನಲ್ಲಿ ಬೆಳಗಾವಿಯ ಮಾತನ್ನೆಲ್ಲ ಜೋಡಿಸಿ ಕೊಟ್ಟವರು. ಈಗ ಓಣಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಈರಯ್ಯ ಅವರ ಬಲಗೈ. ಬಲಗೈ ಎನ್ನುವುದು ಮರ್ಯಾದೆಯ ಮಾತು, ನಿಜವಾಗಿ ಅವನು ಓಡಾಡುವ ಕಾಲು.

"ಬಾಯಾರ, ನನ್ನ ಕಳ್ಳಿ ಅಂತಾರ್ರಿ," ಎಂದಳು ಕಾಂತಾ. ಕೂರು ಎಂದರೂ ಕೂರಲಿಲ್ಲ.

ಅದು ೧೯೮೬ರ ಆಗಸ್ಟ್. ಕಾಂತಾ ಖಾನಾಪುರದ ಹುಡುಗಿ. ತಂದೆತಾಯಿ ಇಲ್ಲ. ವಿದ್ಯಾರ್ಥಿವೇತನದ ಮೇಲೆ ಎಂ.ಎ. ಓದುತ್ತ, ಮುಂದಿನ ಓಣಿಯ ಅಕ್ಕವ್ವನ ಮನೆಯಲ್ಲಿ ಬಾಡಿಗೆಗಿದ್ದಳು. ಪೇಟೆಯ ಒಂದು ಬ್ಯಾಂಕು ಕ್ರೆಡಿಟ್ ಕಾರ್ಡ್ ಎಂಬ ಹೊಸ ಸೋಜಿಗ ತಂದಿತ್ತು. ಅವಳ ಪ್ರಾಧ್ಯಾಪಕರು ಜಾಮೀನು ನಿಂತರು, ಅವಳು ಅರ್ಜಿ ಹಾಕಿದಳು, ಟಪಾಲಿನ ದಾರಿ ಕಾಯುತ್ತಿದ್ದಳು.

ಇವತ್ತು ಮ್ಯಾನೇಜರು ಕರೆಸಿ ರೇಗಿದ್ದರು. ಕಾರ್ಡು ಜುಲೈ ಇಪ್ಪತ್ತೆಂಟಕ್ಕೇ ರಿಜಿಸ್ಟರ್ ಟಪಾಲಿನಲ್ಲಿ ಮುಟ್ಟಿದೆ, ರಸೀದಿಯ ಮೇಲೆ 'ಕಾಂತಾ' ಎಂದು ಸಹಿ ಇದೆ. ಮೂವತ್ತೊಂದಕ್ಕೆ ಖಡೇಬಜಾರದ ಅಂಗಡಿಯಲ್ಲಿ ಆ ಕಾರ್ಡಿನ ಮೇಲೆ ಒಂದು ಹಸಿರು ಸೀರೆ, ರವಿಕೆಯ ಎರಡು ಖಣ ಹೋಗಿವೆ. ಅಲ್ಲಿಯೂ ಅದೇ ಕನ್ನಡ ಸಹಿ. ಅರ್ಜಿಯಲ್ಲಿ ಮಾತ್ರ ಅವಳ ಸಹಿ ಇಂಗ್ಲಿಷಿನಲ್ಲಿದೆ. ರೊಕ್ಕ ತಪ್ಪಿಸಲು ಬೇಕೆಂದೇ ಸಹಿ ಬದಲಿಸಿದ್ದಾಳೆ ಎಂಬುದು ಮ್ಯಾನೇಜರ ಲೆಕ್ಕ.

"ನಾಗರ ಪಂಚಮಿಯೊಳಗ ಇತ್ಯರ್ಥ ಆಗದಿದ್ರ ಪೊಲೀಸ್ ಕಂಪ್ಲೇಂಟ್, ಕಾಲೇಜಿಗೆ ಪತ್ರ ಅಂದ್ರು. ವೇತನ ನಿಂತ್ರ ನಾ ಎಲ್ಲಿಗೆ ಹೋಗ್ಲಿರಿ?"

"ಅಲ್ಲವಾ, ಆ ಕಾರ್ಡ್ ಯಾಕ ಬೇಕಾಗಿತ್ತು ನಿನಗ?" ಬಾಯಿ ಕೇಳಿದರು.

ಕಾಂತಾ ನೆಲ ನೋಡಿದಳು. "ನನ್ನ ಹೆಸರಿಂದು ಒಂದರ ಇರಲಿ ಅಂತ್ರಿ. ಕಾಕಾ ಅವರ ಮನಿ ರೇಶನ್ ಕಾರ್ಡಿನ್ಯಾಗಿಂದ ನನ್ನ ಹೆಸರು ತಗಸ್ಯಾರ."

ಈರಯ್ಯ ಖಾಲಿ ಕಪ್ಪನ್ನು ಕೆಳಗಿಟ್ಟ. ಅವನು ಎರಡನೇ ಕಪ್ಪಿನ ಮಾತೆತ್ತಲಿಲ್ಲ.

ಮರುದಿನ ಬ್ಯಾಂಕಿನಲ್ಲಿ ಬಾಯಿ ಅಂಗಡಿಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಕಾರ್ಡನ್ನು ಯಂತ್ರದಲ್ಲಿಟ್ಟು ಒತ್ತಿದಾಗ ಅದರ ಉಬ್ಬಿದ ಅಕ್ಷರಗಳು ಚೀಟಿಯ ಮೇಲೆ ಮೂಡುತ್ತವೆ. ಕಾಂತಾಳ ಹೆಸರಿನ ಪಕ್ಕ ಅರ್ಧ ಅಕ್ಕಿಕಾಳಿನಷ್ಟು ಒಂದು ಕರಿ ಚುಕ್ಕೆಯಿತ್ತು. ಅದೇ ಯಂತ್ರದ ಬೇರೆ ಚೀಟಿಗಳಲ್ಲಿ ಅದು ಇರಲಿಲ್ಲ. ಮೊತ್ತ ಸರಿಯಾಗಿ ಆರು ನೂರು.

"ಈಕಿಗೆ ತಿಂಗಳಿಗೆ ಎಷ್ಟರ ಮಟ ಮಿತಿ ಐತ್ರಿ?"

"ಆರು ನೂರು," ಎಂದರು ಮ್ಯಾನೇಜರು.

ಟಪಾಲು ತಂದವನು ಬದಲಿ ಮನುಷ್ಯ, ಅವನಿಗೆ ಮುಖ ನೆನಪಿಲ್ಲ. ಅಂಗಡಿಯವನಿಗೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಎಂದಷ್ಟೇ ನೆನಪು. ಶ್ರಾವಣದ ಹೊಸ್ತಿಲಲ್ಲಿ ಖಡೇಬಜಾರದ ತುಂಬ ಅಂಥವರೇ.

ಅಕ್ಕವ್ವನ ಮನೆಯಲ್ಲಿ ಇನ್ನೊಬ್ಬ ಬಾಡಿಗೆಯ ಹುಡುಗಿ ಗಂಗಾದೇವಿ ಇದ್ದಳು, ಬಿ.ಕಾಂ. ಓದುವವಳು. "ಕಾರ್ಡ್ ತೋರಿಸಿದ್ರ ರೊಕ್ಕ ಇಲ್ಲದ ಸಾಮಾನ ಕೊಡ್ತಾರ, ತಿಂಗಳಿಗೆ ಆರು ನೂರರ ಮಟ, ಅಂತ ಕಾಂತಾ ನನಗೂ ಅಕ್ಕವ್ವಗೂ ಹೇಳಿದ್ಲು. ಅದು ಸಾಲ, ಹುಷಾರ್ ಅಂತ ನಾನ ಕಾಂತಾ ಒಬ್ಬಾಕಿಗೆ ಆಮ್ಯಾಲೆ ಅಂದೆ," ಎಂದಳು.

ಅಕ್ಕವ್ವ ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಮನೆಯ ಮೀಟರಿನ ಪೆಟ್ಟಿಗೆ, ಸ್ಟೋವು, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮದ ಬೊಟ್ಟಿಟ್ಟು, ಅದರ ಮೇಲೆ ಅಕ್ಷತೆಯ ಕಾಳು ಅಂಟಿಸಿದ್ದಳು. "ಮೂವತ್ತೊಂದಕ್ಕ ರೇಶನ್ ಅಂಗಡ್ಯಾಗ ಪಾಳಿ ನಿಂತಿದ್ನಿರಿ. ಬಾಜು ಮನಿ ಫಕೀರವ್ವ ಜಡ್ಡಾಗಿ ಮಲಗಿದ್ಲು. ಆಕಿ ಸಕ್ಕರಿ ನಾನ ಎತ್ತಿ, ಆಕಿ ಹೆಸರು ನಾನ ಬರದು ತಂದ್ನಿ. ತಿಂಗಳ ಕಡೀ ದಿನ, ಆವತ್ತ ತರದಿದ್ರ ಆಕಿ ಪಾಲು ಹೋಗ್ತಿತ್ತಲ್ಲರಿ," ಎಂದಳು. ಹೇಳುವಾಗ ಅವಳು ಎರಡು ಸಲ ದೇವರ ಜಗಲಿಯ ಕಡೆ ನೋಡಿದಳು.

ಆಮೇಲೆ ಕಾಲಿನ ಕೆಲಸ. ಈರಯ್ಯ ಪ್ಯಾಸೆಂಜರ್ ಗಾಡಿ ಹತ್ತಿ ಖಾನಾಪುರಕ್ಕೆ ಹೋದ. ಕಾಕಾ ಗುರುಪುತ್ರಪ್ಪ ಕುಂದರ್ರಿ ಎನ್ನಲಿಲ್ಲ, ನೀರೂ ಕೊಡಲಿಲ್ಲ. "ಆಕಿ ನಮಗ ಇದ್ದೂ ಇಲ್ಲ. ಎಂಥಾ ಕಾರ್ಡು? ನನಗೇನ ಗೊತ್ತು?" ಒಳಗೆ ಹೆಂಡತಿ ಹೊಚ್ಚ ಹೊಸ ಹಸಿರು ಸೀರೆಯುಟ್ಟು ಓಡಾಡುತ್ತಿದ್ದಳು.

ಈರಯ್ಯ ಗೆದ್ದವನ ಹಾಗೆ ಮರಳಿದ. "ಕಳ್ಳಿ ಸಿಕ್ಕಳ್ರಿ ಬಾಯಾರ!"

"ಆಕಿಗೆ ಆರು ನೂರರ ಮಿತಿ ಹೆಂಗ ಗೊತ್ತಾತ್ರಿ, ಈರಯ್ಯಾರ?" ಎಂದರು ಬಾಯಿ.

ಪಂಚಮಿಯ ಹಿಂದಿನ ದಿನ ಎಲ್ಲರೂ ಅಕ್ಕವ್ವನ ಪಡಸಾಲೆಯಲ್ಲಿ ಸೇರಿದರು. ಮ್ಯಾನೇಜರು ಕಡತ ತಂದಿದ್ದರು. ಕಾಂತಾ ಗೋಡೆಗೆ ಒರಗಿ ನಿಂತಿದ್ದಳು, ಮೂರು ದಿನದಿಂದ ಉಂಡಿರಲಿಲ್ಲ. ಇಷ್ಟು ಜನರ ನಡುವೆ ಆ ಹುಡುಗಿ ಎಷ್ಟು ಒಂಟಿ ಎಂದು ಈರಯ್ಯನಿಗೆ ಸಂಕಟವಾಯಿತು.

"ಮೊದಲು ಮೊತ್ತ ನೋಡೂಣು," ಎಂದರು ಬಾಯಿ. "ಸೀರಿ ಐದು ನೂರಾ ಅರವತ್ತು. ಉಳದ ನಲವತ್ತಕ್ಕ ಎರಡು ಖಣ ಹಾಕಿ ಸರಿ ಆರು ನೂರು ಮಾಡ್ಯಾರ. ಮಿತಿ ಗೊತ್ತಿದ್ದವರ ಕೆಲಸ. ಅಂದ್ರ ಖಾನಾಪುರದವರಲ್ಲ, ಈ ಮನಿಯವರು. ಎರಡನೇದ್ದು ತಾರೀಖು. ಕಾರ್ಡ್ ಮೂರು ದಿನ ಸುಮ್ಮನ ಇತ್ತು. ತಿಂಗಳ ಕಡೀ ದಿನ ಓಡಿ ಹೋಗಿ ಪೂರಾ ಎತ್ಯಾರ. ಕಳ್ಳರಿಗೆ ತಿಂಗಳ ಕಡೀ ಏನು, ಮೊದಲೇನು? ರೇಶನ್ನಿನಂಗ ಇದೂ ಎತ್ತದಿದ್ರ ಪಾಲು ಹೋಗ್ತೈತಿ ಅನ್ನವರಿಗಷ್ಟ ಆ ಅವಸರ. ಗಂಗಾದೇವಿಗೆ ಇದು ಸಾಲ ಅಂತ ಗೊತ್ತೈತಿ, ಆಕಿ ಹಂಗ ಮಾಡೂದಿಲ್ಲ."

ಬಾಯಿ ಕಡತದಿಂದ ಅಂಗಡಿಯ ಚೀಟಿ ಎತ್ತಿಕೊಂಡರು.

"ಇನ್ನ ಆ ಚುಕ್ಕಿ. ಕಾರ್ಡಿನ ಮ್ಯಾಲೆ ಏನೋ ಗಟ್ಟಿ ಅಂಟಿತ್ತು. ಹೊಸಾದು ಮನಿಗೆ ಬಂದ್ರ ಕುಂಕುಮ, ಅಕ್ಷತಿ ಇಡದ ಮುಟ್ಟದವರು ಈ ಮನ್ಯಾಗ ಒಬ್ಬರ. ಅಕ್ಕವ್ವಾರ, ಜಗಲಿ ಮ್ಯಾಲಿಂದ ಕಾರ್ಡ್ ತರ್ರಿ."

ಅಕ್ಕವ್ವ ಎದ್ದಳು. ದೇವರ ಪಟದ ಹಿಂದಿನಿಂದ ಕಾರ್ಡು ಬಂತು, ಅದರ ಮೇಲೆ ಕೆಂಪು ಬೊಟ್ಟು, ಬೊಟ್ಟಿನಲ್ಲಿ ಒಣಗಿದ ಕಾಳು. ಟ್ರಂಕಿನಿಂದ ಮಡಿಕೆ ಮುರಿಯದ ಹಸಿರು ಸೀರೆ ಬಂತು.

"ಟಪಾಲು ಬಂದಾಗ ಈಕಿ ಕಾಲೇಜಿನ್ಯಾಗ ಇದ್ಲು, ಹೆಸರು ನಾನ ಬರದು ತಗೊಂಡ್ನಿ. ತಿಂಗಳ ಪಾಲು ಅಂತ ತಿಳದ್ನಿರಿ. ಹೊಳ್ಳಿ ರೊಕ್ಕ ಕೊಡಬೇಕಂತ ನನಗ್ಯಾರು ಹೇಳಿದ್ರು? ಕೂಸಿನ ಪಾಲು ಯಾಕ ಹೋಗಬೇಕು ಅಂತ ಎತ್ತಿದ್ನಿ. ಊರಾಗಿನ ಹುಡುಗ್ಯಾರನ್ನೆಲ್ಲ ಪಂಚಮಿಗೆ ತವರಿನವರು ಕರಿಯಾಕ ಬರ್ತಾರ, ಈಕಿಗೆ ಯಾರದಾರ? ಆವತ್ತ ಕೊಡೂಣು ಅಂತ ಮುಚ್ಚಿಟ್ನಿ. ಪೊಲೀಸು ಅಂದ ಕೂಡಲೆ ಹಿಂಡಲಗಾ ಜೇಲು ಕಣ್ಣ ಮುಂದ ಬಂತು, ಬಾಯಿ ಬಿಡಲಿಲ್ಲ." ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮ್ಯಾನೇಜರು ಕೆಮ್ಮಿದರು. "ಕಾಂತಾ ಅವರ, ನೀವು ಪಾರಾದ್ರಿ. ನಿಮ್ಮ ಕಾರ್ಡೂ ಉಳೀತು. ಆದರ ಖೊಟ್ಟಿ ಸಹಿ ಅಪರಾಧ. ಇವರ ಮ್ಯಾಲೆ ನಾ ಬರೀಲಿಕ್ಕೇ ಬೇಕು."

ಕಾಂತಾ ಗೋಡೆ ಬಿಟ್ಟು ಮುಂದೆ ಬಂದಳು. "ಖೊಟ್ಟಿ ಅಲ್ರಿ. ತಗೊಂಡು ಬಾ ಅಂತ ನಾನ ಹೇಳಿದ್ನಿ. ವೇತನದಾಗ ತಿಂಗಳಾ ನೂರು ಕೊಡ್ತೀನಿ."

ಅದು ಹಸಿ ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಿಗೂ.

"ವಿಚಾರ ಮಾಡ್ರಿ. ಬ್ಯಾರೆಯವರ ಕೈಲೆ ಸಹಿ ಮಾಡಿಸಿದ್ರ ಕಾರ್ಡ್ ರದ್ದಾಗ್ತದ. ಮತ್ತ ಕೊಡೂದಿಲ್ಲ."

"ಆಗ್ಲಿರಿ."

ಅವರು ಪೆನ್ನು ತೆರೆದರು. "ಸಹಿ ಮಾಡಿದವರು ನಿಮಗೇನಾಗಬೇಕು? ಬರೀಬೇಕಲ್ಲ."

ಕಾಂತಾ ಅಕ್ಕವ್ವನ ಕಡೆ ನೋಡಲಿಲ್ಲ. ನೋಡಿದ್ದರೆ ದನಿ ಒಡೆಯುತ್ತಿತ್ತೇನೋ. "ಅವ್ವ ಅಂತ ಬರೀರಿ," ಎಂದಳು.

ಮ್ಯಾನೇಜರು ಹಾಗೆಯೇ ಬರೆದುಕೊಂಡರು. ಈರಯ್ಯ ಸದ್ದಿಲ್ಲದೆ ಎದ್ದು ಹೊರಗೆ ಬಂದು ಚಪ್ಪಲಿ ಹುಡುಕಿದ. ಅವನಿಗೆ ಸಂತೋಷವಾಗಿತ್ತು, ತನ್ನನ್ನು ಹಾಗೆ ತಮ್ಮವನೆಂದು ಬರೆಸುವವರು ಯಾರೂ ಇಲ್ಲವಲ್ಲ ಎಂದು ಅಷ್ಟೇ ಹೊಟ್ಟೆಕಿಚ್ಚೂ ಆಗಿತ್ತು.