ಹಣೆ ಮುಟ್ಟುವ ಕೈ

ಅಚ್ಚಿನಿಂದ ಸಿಡಿದ ಕಬ್ಬಿಣದ ಹನಿಯೊಂದು ಮಹಾನಂದಾಳ ಹರಿದ ಕೈಗವಸಿನೊಳಗೆ ಬಿತ್ತು. ಅವಳ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಪಕ್ಕದವಳೊಡನೆ ಆಡುತ್ತಿದ್ದ ಮಾತನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಕೈಗವಸು ತೆಗೆದು, ಸುಟ್ಟ ಚುಕ್ಕೆಗೆ ಮುಲಾಮು ಸವರಿ, ಮತ್ತೆ ಕುಲುಮೆಯ ಬಾಯಿಗೆ ಹೋದಳು. ಬೆಳಗಾವಿಯ ಆ ಫೌಂಡ್ರಿಯಲ್ಲಿ ಸುಟ್ಟ ನೋವಿಗೆ ಯಾರಾದರೂ ಕೂಗಿಕೊಂಡು ವರ್ಷಗಳೇ ಆಗಿದ್ದವು.

ಇದನ್ನು ಸಾಧ್ಯವಾಗಿಸಿದ್ದು ಡಾ. ಇಂದುಮತಿ ಗಲಗಲಿ ರೂಪಿಸಿದ ‘ತಾಪತಡೆ’ ಎಂಬ ಎಳೆ. ಬಿಸಿ ಪಾತ್ರೆ ಮುಟ್ಟಿದ ಕೈ, ಅದು ಬಿಸಿಯೆಂದು ಮಿದುಳಿಗೆ ತಿಳಿಯುವ ಮೊದಲೇ ಹಿಂದೆ ಸರಿಯುತ್ತದೆಂದು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಆ ಅಪ್ಪಣೆ ಕೊಡುವುದು ಬೆನ್ನುಹುರಿ. ಅದೇ ಪರಾವರ್ತಿತ ಪ್ರತಿಕ್ರಿಯೆ. ಮಿದುಳಿಗೆ ಸುದ್ದಿ ಮುಟ್ಟುವುದು ಆಮೇಲೆ, ನೋವು ಹುಟ್ಟುವುದು ಅಲ್ಲಿ. ಹಾಗಿದ್ದರೆ ಕೈಯನ್ನು ಕಾಪಾಡಲು ನೋವೇ ಬೇಕಿಲ್ಲವಲ್ಲ ಎಂದು ಇಂದುಮತಿ ಯೋಚಿಸಿದರು. ಸುಟ್ಟಗಾಯದ ವಾರ್ಡಿನಲ್ಲಿ ಕಾರ್ಮಿಕರ ಕಿರುಚಾಟ ಕೇಳಿ ಸಾಕಾಗಿದ್ದ ವೈದ್ಯೆ ಅವರು. ಕೂದಲಿಗಿಂತ ತೆಳುವಾದ ಎಳೆಯನ್ನು ಕತ್ತಿನಲ್ಲಿ, ಬೆನ್ನುಹುರಿಯ ಪಕ್ಕದಲ್ಲಿ ಕೂಡಿಸಿದರು. ಬಿಸಿ ಮತ್ತು ನೋವಿನ ಸಂದೇಶಗಳು ಮಿದುಳಿಗೆ ಹತ್ತುವ ದಾರಿಯನ್ನು ಅದು ಮುಚ್ಚುತ್ತಿತ್ತು. ಮುಖದಿಂದ ಬರುವ ದಾರಿಯೂ ಅಲ್ಲೇ ಹಾಯುವುದರಿಂದ ಅದೂ ಮುಚ್ಚಿಹೋಗುತ್ತಿತ್ತು. ಬರಿಯ ಸ್ಪರ್ಶಕ್ಕೆ ದಾರಿಯೇ ಬೇರೆ, ಅದಕ್ಕೇನೂ ಅಡ್ಡಿಯಿರಲಿಲ್ಲ.

ಫೌಂಡ್ರಿಯ ಕಾಲೊನಿಯಲ್ಲಿ ಎಳೆಯಿಲ್ಲದ ದೊಡ್ಡವರೇ ಇರಲಿಲ್ಲ. ಮಹಾನಂದಾಳ ಗಂಡ ಶಿವಪುತ್ರನಿಗೂ ಇತ್ತು. ಕಾರ್ಮಿಕರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯ ಆಯಾಗೂ ಇತ್ತು. ಅವಳೂ ಮೊದಲು ಅಚ್ಚು ತುಂಬುತ್ತಿದ್ದವಳೇ.

ಮಹಾನಂದಾ, ಶಿವಪುತ್ರರ ಮಗಳು ಸೃಷ್ಟಿ ಇನ್ನೂ ತೊದಲು ಮಾತಾಡುತ್ತಿದ್ದ ಕೂಸು. ಒಂದು ಬೆಳಿಗ್ಗೆ ಹಾಲು ಕುಡಿಯದೆ ಹಟ ಮಾಡಿತು. ಮಹಾನಂದಾ ಹಣೆ ಮುಟ್ಟಿದಳು, ಕತ್ತಿನ ಕೆಳಗೆ ಕೈಯಿಟ್ಟಳು. ಎಲ್ಲ ಎಂದಿನಂತೆಯೇ ಇತ್ತು. ಮೈ ಸುಡುತ್ತಿದ್ದರೂ ತನ್ನ ಕೈಗೆ ಅದು ತಿಳಿಯುವುದೇ ಸಾಧ್ಯವಿಲ್ಲ ಎಂಬುದು ಆಗ ಅವಳ ತಲೆಗೆ ಹೋಗಲಿಲ್ಲ. ಹಲ್ಲು ಬರುತ್ತಿರಬೇಕು ಎಂದುಕೊಂಡು ಕೂಸಿನ ಮನೆಗೆ ಬಿಟ್ಟು ಪಾಳಿಗೆ ಹೋದಳು. ಆಯಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಅಳು ನಿಲ್ಲಿಸಿ ಮಲಗಿತಲ್ಲ ಎಂದು ಸಮಾಧಾನಪಟ್ಟಳು. ಮಧ್ಯಾಹ್ನ ಮಗುವಿನ ಮೈ ಸೆಟೆದು ಕಣ್ಣಾಲಿ ಮೇಲಾದಾಗಲೇ ಎಲ್ಲರೂ ಓಡಿದ್ದು. ಮಿದುಳಿನ ಪೊರೆಗೆ ಸೋಂಕು ತಗುಲಿದೆ, ಜ್ವರ ನಿನ್ನೆಯಿಂದಲೇ ಇದ್ದಿರಬೇಕು ಎಂದರು ಆಸ್ಪತ್ರೆಯಲ್ಲಿ. ಮರುದಿನ ಸೃಷ್ಟಿ ತೀರಿಕೊಂಡಳು.

ಸುದ್ದಿ ತಿಳಿದು ಇಂದುಮತಿ ತಾವಾಗಿಯೇ ಮನೆಗೆ ಬಂದರು. ಇನ್ನು ಮುಂದೆ ಹೀಗಾಗದಂತೆ ಮನೆಮನೆಗೂ ಉಷ್ಣಮಾಪಕ ಕೊಡಿಸುವುದಾಗಿ ಹೇಳಿದರು. ಶಾಖ ಹರಿಯುವುದು ಬಿಸಿಯ ಕಡೆಯಿಂದ ತಂಪಿನ ಕಡೆಗೆ. ಕೈಗೆ ತಿಳಿಯುವುದು ತನಗಿಂತ ಹೆಚ್ಚೋ ಕಡಿಮೆಯೋ ಎಂಬುದಷ್ಟೇ, ಮಾಪಕ ಅದಕ್ಕಿಂತ ನಿಖರ ಎಂದು ಮೆಲ್ಲಗೆ ವಿವರಿಸಿದರು. ಶಿವಪುತ್ರ ತಲೆಯಾಡಿಸಿದ.

“ನಮ್ಮನ್ಯಾಗ ಥರ್ಮಾಮೀಟರ್ ಇತ್ರಿ ಬಾಯಾರ,” ಎಂದಳು ಮಹಾನಂದಾ. “ಸಂಶೆ ಬಂದ್ರ ಅಲ್ಲೇನ್ರಿ ಅದನ್ನ ಹಚ್ಚೂದು? ಸಂಶೆ ಮೊದಲ ಕೈಗೆ ಬರಬೇಕ್ರಿ.”

ಮಹಾನಂದಾ ಕತ್ತು ಬಗ್ಗಿಸಿ ಕೂದಲು ಸರಿಸಿದಳು.

“ಇದನ್ನ ತಗೀರಿ.”

ಅಲ್ಲಿಯವರೆಗೆ ಯಾರೂ ಎಳೆ ತೆಗೆಸಿಕೊಂಡಿರಲಿಲ್ಲ. ಇಷ್ಟು ವರ್ಷ ಮುಚ್ಚಿದ್ದ ದಾರಿ ತೆರೆದರೆ ಮಿದುಳು ಅದನ್ನು ಹೇಗೆ ತೆಗೆದುಕೊಳ್ಳುತ್ತದೋ ತಮಗೂ ತಿಳಿಯದು ಎಂದರು ಇಂದುಮತಿ. ಎಳೆಯಿಲ್ಲದವರನ್ನು ಫೌಂಡ್ರಿಯ ಒಳಗೇ ಬಿಡುವುದಿಲ್ಲ, ಕೆಲಸವೂ ಹೋಗುತ್ತದೆ ಎಂದು ಶಿವಪುತ್ರ ಬೇಡಿಕೊಂಡ. ಅವಳು ಇಬ್ಬರ ಮಾತನ್ನೂ ಕೇಳಲಿಲ್ಲ. ಕೊನೆಗೆ ಇಂದುಮತಿ ಎಳೆ ತೆಗೆದರು, ಕೆಲಸವೂ ಹೋಯಿತು.

ಬಿಸಿ ತಿರುಗಿ ಬಂತು, ಆದರೆ ಹಳೆಯ ಅಳತೆಯಲ್ಲಿ ಬರಲಿಲ್ಲ. ಸಂದೇಶವೇ ಬಾರದೆ ಬರಡಾಗಿದ್ದ ಮಿದುಳಿನ ನರಕೋಶಗಳು ಈಗ ಸಣ್ಣದನ್ನೂ ದೊಡ್ಡದಾಗಿ ಓದತೊಡಗಿದ್ದವು. ಚಹಾದ ಲೋಟ ಹಿಡಿಯುವಂತಿರಲಿಲ್ಲ. ಸ್ನಾನಕ್ಕೆ ತಣ್ಣೀರೇ ಆಗಬೇಕಿತ್ತು. ಆರೋಗ್ಯವಂತ ಮೈಯ ಶಾಖವನ್ನು ಹೇಗೋ ತಡೆದುಕೊಳ್ಳುತ್ತಿದ್ದಳು; ಅದಕ್ಕಿಂತ ತುಸು ಹೆಚ್ಚಾದರೂ ಕೆಂಡ ಹಿಡಿದಂತಾಗುತ್ತಿತ್ತು.

ಒಂದು ದಿನ ಪಕ್ಕದ ಮನೆಯ ತುಳಜಾ ಪಾಳಿಗೆ ಹೋಗುವ ಮುನ್ನ ಮಗನನ್ನು ಎತ್ತಿಕೊಂಡು ಬಂದಳು. ಅವನಿಗೇನೂ ಆದಂತೆ ಕಾಣುತ್ತಿರಲಿಲ್ಲ, ಚೆನ್ನಾಗಿಯೇ ಆಡುತ್ತಿದ್ದ. ಯಾಕೆ ಬಂದೆನೆಂದು ಹೇಳಲು ಅವಳಿಗೂ ಬರಲಿಲ್ಲ.

“ಸುಮ್ನ ಒಮ್ಮಿ ಮುಟ್ಟಿ ನೋಡ್ರಿ ಅಕ್ಕಾರ,” ಎಂದಳಷ್ಟೆ.

ಮಹಾನಂದಾ ಅವನ ಹಣೆಯ ಮೇಲೆ ಅಂಗೈ ಇಟ್ಟಳು. ಉರಿ ಭುಜದವರೆಗೂ ಹತ್ತಿತು. ಈಗಲೇ ಆಸ್ಪತ್ರೆಗೆ ಹೋಗು ಎಂದು ತುಳಜಾಳನ್ನು ಕಳಿಸಿದಳು. ಹುಡುಗ ವಾರದಲ್ಲಿ ಚೇತರಿಸಿಕೊಂಡ.

ಆಮೇಲೆ ಪಾಳಿ ಶುರುವಾಗುವ ಮೊದಲು ಕಾಲೊನಿಯ ತಾಯಂದಿರೆಲ್ಲ ಅವಳ ಮನೆಯ ಮುಂದೆ ನಿಲ್ಲತೊಡಗಿದರು. ಮಾಪಕ ಹಿಡಿದುಕೊಂಡೇ ಬರುವವರೂ ಇದ್ದರು. ಮಳೆಗಾಲದಲ್ಲಿ ಜ್ವರದ ಮಕ್ಕಳು ಹೆಚ್ಚು. ಅಂಥ ಒಂದು ಬೆಳಿಗ್ಗೆ ಇಂದುಮತಿ ಬಂದಾಗ ಮಹಾನಂದಾ ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹಲ್ಲು ಕಚ್ಚಿ ಕುಳಿತಿದ್ದಳು. ಈ ನೋವಿಗೆ ನಾನೇ ಕಾರಣ, ಎಳೆಯನ್ನು ಮತ್ತೆ ಕೂಡಿಸುತ್ತೇನೆ, ಕೆಲಸವನ್ನೂ ಕೊಡಿಸುತ್ತೇನೆ ಎಂದರು ಇಂದುಮತಿ.

“ಬ್ಯಾಡ್ರಿ,” ಎಂದಳು ಮಹಾನಂದಾ. “ಅವತ್ತ ಕೈ ಹಿಂಗ ಸುಟ್ಟಿದ್ರ ನಾ ನನ್ನ ಕೂಸನ್ನ ಬಿಟ್ಟು ಕೆಲಸಕ್ಕ ಹೊಕ್ಕಿದ್ದಿಲ್ರಿ.”

ಬಾಗಿಲಲ್ಲಿ ಇನ್ನೊಬ್ಬಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಳು. ಮಹಾನಂದಾ ಅವಳನ್ನು ಒಳಗೆ ಕರೆದು ಎಡಗೈ ಚಾಚಿದಳು.