ಪೋಡಿಗೆ ಆಪುಂಡಾ?

"ಪೋಡಿಗೆ ಆಪುಂಡಾ?"

ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಾ ಜಿತೇಶ್ ಕೇಳಿದ. ಅವನ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ! ಸಾತ್ವಿಕಾಳ ಎದೆ ಡವಡವ.

ಮಸ್ಕತ್ತಿನಲ್ಲಿ ಬೆಳೆದ ಹುಡುಗಿ. ಅಮ್ಮನ ಕನ್ನಡ ಸಲೀಸಾಗಿ ಬರುತ್ತಿತ್ತು. ಅಪ್ಪನ ತುಳುವಿನಲ್ಲಿ ಮಾತ್ರ ತಿಂಡಿಗಳ ಹೆಸರಷ್ಟೇ ಗೊತ್ತು. ಪೋಡಿ ಎಂದರೆ ಬಜ್ಜಿ. ಈ ನಡುಕದಲ್ಲಿ ಬಜ್ಜಿ ಯಾರಿಗೆ ಬೇಕು?

"ಈಗ ಬೇಡ... ವಾಪಸ್ ಬಂದ ಮೇಲೆ!"

ಜಿತೇಶ್ ನಕ್ಕುಬಿಟ್ಟ. "ಗಟ್ಟಿ ಇದ್ದೀರಿ ನೀವು! ಹೋಗುವ."

ರಜೆಗೆಂದು ಅಪ್ಪನ ಊರಾದ ತೋಡಾರಿಗೆ ಬಂದವಳು ದಿನಾ ಸಂಜೆ ಕೆರೆಯ ದಂಡೆಯಲ್ಲಿ ನಿಲ್ಲುತ್ತಿದ್ದಳು. ಕೆರೆ ನೋಡಲು ಅಂತ ಮನೆಯವರು ತಿಳಿದಿದ್ದರು. ಪಾಪ! ಅವಳು ನೋಡುತ್ತಿದ್ದದ್ದು ಕಯಾಕ್ ದೋಣಿ ನಡೆಸಲು ಕಲಿಸುವ ಈ ಹುಡುಗನನ್ನು. ನೀರೆಂದರೆ ಅವಳಿಗೆ ಜೀವ ಹೋಗುವಷ್ಟು ಭಯ. ಆದರೂ ಇವತ್ತು ತಾನೂ ಕಲಿಯುತ್ತೇನೆಂದು ಬಂದಿದ್ದಳು.

ಕೆರೆಯ ನಡುವೆ ಇಬ್ಬರೂ ಕೂತಿದ್ದ ಕಯಾಕ್ ಸ್ವಲ್ಪ ವಾಲಿತು. ಅಷ್ಟಕ್ಕೇ ಅವಳು ಕಿರುಚಿ ಎದ್ದು ನಿಂತಳು. ನಿಲ್ಲಬಾರದಿತ್ತು!

ಮಗುಚಿತು.

ಮೂಗಿನೊಳಗೆ ನೀರು, ಕಿವಿಯೊಳಗೆ ನೀರು. ಕಾಲಿಗೆ ನೆಲವೇ ಇಲ್ಲ! 'ಸತ್ತೆ... ಅಮ್ಮಾ!' ಕಣ್ಣಿಗೆ ಕಂಡದ್ದು ಜಿತೇಶನ ಮುಖ ಒಂದೇ. ಎರಡೂ ಕೈಯಲ್ಲಿ ಅವನ ಕುತ್ತಿಗೆಗೆ ಜೋತುಬಿದ್ದಳು.

ಅವನು ಅವಳ ಕೈ ಕಿತ್ತು ದೂಡಿದ!

ದೂರ ಸರಿದು ಕೂಗಿದ. "ಮಲಗಿ! ಜಾಕೆಟ್ ಎತ್ತಿ ಹಿಡೀತದೆ. ಮುಖ ಆಕಾಶಕ್ಕೆ!"

'ನನ್ನನ್ನು ಬಿಟ್ಟೇಬಿಟ್ಟ...' ಅಳುತ್ತಲೇ ಮಲಗಿದಳು. ನೀರು ಅವಳನ್ನು ಹೊತ್ತುಕೊಂಡಿತು. ಆಮೇಲೆ ಅವನು ಹಿಂದಿನಿಂದ ಬಂದು ಜಾಕೆಟ್ ಹಿಡಿದು ದಡಕ್ಕೆಳೆದ.

"ಮುಳುಗುವವಳನ್ನು ದೂಡಿದಿರಲ್ಲ!" ಅವಳು ಬಿಕ್ಕಿದಳು. "ನಿಮಗೋಸ್ಕರ ನೀರಿಗಿಳಿದೆ ನಾನು!"

"ಕುತ್ತಿಗೆ ಹಾಗೇ ಹಿಡಿದಿದ್ದರೆ ಇಬ್ಬರೂ ಹೋಗ್ತಿದ್ದೆವು ಮಾರಾಯ್ತಿ. ಹೆದರುವವರನ್ನು ನಾನು ಆಳಕ್ಕೆ ಕರ್ಕೊಂಡು ಹೋಗುವುದೇ ಇಲ್ಲ. ಪೋಡಿಗೆ ಆಪುಂಡಾ ಅಂತ ಕೇಳಿದೆನಲ್ಲ?"

"ಅದಕ್ಕೂ ಬಜ್ಜಿಗೂ ಏನು ಸಂಬಂಧ?"

"ಬಜ್ಜಿಯಾ? ಪೋಡಿಗೆ ಅಂದ್ರೆ ಹೆದರಿಕೆ!"

ಜಿತೇಶನ ಮುಖ ಬಿಳಿಚಿಕೊಂಡಿತು. ಅವನು ಅಲ್ಲೇ ಕೆಸರಿನಲ್ಲಿ ಕುಸಿದು ಕೂತ.

"'ವಾಪಸ್ ಬಂದ ಮೇಲೆ' ಅಂದದ್ದು ತಮಾಷೆಗೆ ಅಂದ್ಕೊಂಡೆ. ಕನ್ನಡದಲ್ಲಿ ಇನ್ನೊಮ್ಮೆ ಕೇಳಬೇಕಿತ್ತು ನಾನು..."

ತನ್ನ ಜಾಕೆಟ್ಟಿನ ಪಟ್ಟಿ ಬಿಚ್ಚಲು ಎರಡು ಸಲ ನೋಡಿದ, ಆಗಲಿಲ್ಲ. ನೀರಿನಲ್ಲಿ ಅಷ್ಟು ಗಟ್ಟಿಯಾಗಿದ್ದ ಕೈಗಳು!

"ನಿಮಗೂ... ಪೋಡಿಗೆಯಾ?"

"ಈಗ ಆಗ್ತಾ ಉಂಟು. ದಂಡೆಯಲ್ಲಿ ನೀವು ನಿಂತಿದ್ದೀರಾ ಅಂತ ನೋಡದೆ ನಾನು ಒಂದು ಸಂಜೆಯೂ ಕಯಾಕ್ ಬಿಟ್ಟವನಲ್ಲ. ಇವತ್ತು ಏನಾದರೂ ಆಗಿದ್ದರೆ... ನಾಳೆ ಆ ದಂಡೆ ನಾನು ಹೇಗೆ ನೋಡಲಿ?"

ಸಾತ್ವಿಕಾಳ ಅಳು ನಿಂತಿತು. ಹಾಗಾದರೆ ಅವನೂ ನೋಡುತ್ತಿದ್ದ!

"ನಾಳೆಯೂ ಬರ್ತೇನೆ," ಎಂದಳು. "ಮೊಣಕಾಲಷ್ಟು ನೀರಿಗೆ ಮಾತ್ರ. ನೀವು ಕೈ ಹಿಡೀಬೇಕು."

ಅವನು ಮೆಲ್ಲನೆ ಕೈ ಚಾಚಿದ. ಈ ಸಲ ಕನ್ನಡದಲ್ಲೇ ಕೇಳಿದ.

"ಹೆದರಿಕೆ ಆಗ್ತದಾ?"

"ಆಪುಂಡು," ಎಂದಳು ಅವಳು, ಆ ಕೈ ಹಿಡಿದುಕೊಂಡು. "ತುಂಬಾ ಆಪುಂಡು. ಬಿಡಬೇಡಿ."