ನೀಲಮಳ ಹತ್ತು ಹಾಡುಗಳು

ಮಾರ್ಚ್ ತಿಂಗಳ ಒಂದು ಬುಧವಾರ ಮಧ್ಯಾಹ್ನ, ಅಥಣಿಯ ಭೀಮಗೊಂಡ ಕಾಕಾರ ಮನೆಯ ಕಟ್ಟೆಯ ಮೇಲೆ ಅವರೂ ನಾನೂ ಚಹಾ ಕುಡಿಯುತ್ತಿದ್ದಾಗ ನೀಲಮ ಬಂದಳು. ಬಂದವಳು ಮಾತಾಡಲಿಲ್ಲ. ಮೊಬೈಲಿನಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದಳು. "ನನ್ನ ದನಿ ಕಳುವಾಗೇತಿ" ಎಂದಿತ್ತು.

ಉಳಿದದ್ದನ್ನು ಹಿಂದೆಯೇ ಬಂದ ಆಕೆಯ ಅಪ್ಪ ಧೂಳಪ್ಪ ಹೇಳಿದ. ನೀಲಮ ನಿಪ್ಪಾಣಿಯ ಹುಡುಗಿ. ನಮ್ಮ ಗಡಿ ಭಾಗದಲ್ಲಿ ರಾಕ್ ಅಂಡ್ ರೋಲ್ ಹಾಡುವ ಹೆಣ್ಣುಮಗಳು ಅವಳೊಬ್ಬಳೇ. ಹದಿನೈದು ದಿನದ ಹಿಂದೆ ಗಂಟಲಿನ ಆಪರೇಶನ್ ಆಗಿತ್ತು. ಒಂದು ತಿಂಗಳು ಮಾತು ಬೇಡ, ಹಾಡು ಇನ್ನು ಎಂದೂ ಬೇಡ ಎಂದಿದ್ದರು ಡಾಕ್ಟರು. ಅದು ಗೊತ್ತಿದ್ದೇ ಅವಳು ಆಪರೇಶನ್ನಿಗೆ ಮುಂಚೆ ತೆಲಸಂಗದ ಒಂದು ಸ್ಟುಡಿಯೋದಲ್ಲಿ ಇಪ್ಪತ್ತು ದಿನ ಕೂತು ಹತ್ತು ಹಾಡು ರೆಕಾರ್ಡ್ ಮಾಡಿದ್ದಳು. ಹತ್ತೂ ಬೇರೆಯವರ ಹಾಡುಗಳೇ. ಧೂಳಪ್ಪ ನಲವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿಕೊಂಡು ಬಂದ ಹಳೆಯ ಹಾಡುಗಳನ್ನು ಅವಳು ತನ್ನ ರೀತಿಯಲ್ಲಿ ಮತ್ತೆ ಹಾಡಿದ್ದಳು. ಆಲ್ಬಮ್ಮಿನ ಹೆಸರು 'ಮಂದಿ ಹಾಡು'.

"ಇವತ್ತ ಮುಂಜಾನಿ ಒಂಬತ್ತಕ್ಕ ಹಾರ್ಡ್ ಡಿಸ್ಕ್ ಕಂಪ್ಯೂಟರಿಗೆ ಹಚ್ಚಿತ್ತರಿ. ಹತ್ತಕ್ಕ ನೋಡಿದ್ರ ಇಲ್ಲ" ಎಂದ ಧೂಳಪ್ಪ. "ಆಲ್ಬಮ್ ಹೊರಗ ತರಾಕ ನಾಳೆ ಪುಣೆದ ಕಂಪನಿಗೆ ಕಳಸೋದಿತ್ತು. ನನ್ನ ಮಗಳ ದನಿ ಅದರಾಗಷ್ಟ ಉಳದೈತ್ರಿ."

ಅವನ ಕಣ್ಣು ಕೆಂಡದ ಹಾಗೆ ಕೆಂಪಗಾಗಿದ್ದವು, ನೀರು ಇಳಿಯುತ್ತಲೇ ಇತ್ತು. ನನ್ನ ಹೆಸರು ಸಮಾಧಾನ, ಹೆಸರಿಗಷ್ಟೇ. ಇಪ್ಪತ್ತೆರಡು ವರ್ಷ ಕ್ಯಾಸೆಟ್ ಅಂಗಡಿ ನಡೆಸಿ, ಹಾಡುಗಾರರ ಬಗ್ಗೆ ಇದ್ದಬದ್ದ ಗೌರವವನ್ನೆಲ್ಲ ಕಳೆದುಕೊಂಡವನು. ಆದರೂ ಆ ಅಪ್ಪನ ಮೇಲೆ ಮರುಕ ಹುಟ್ಟಿ ನನ್ನ ಚಹಾವನ್ನು ಅವನ ಮುಂದಿಟ್ಟೆ.

ಕಾಕಾ ಮಾತ್ರ ಅವನ ಮಣಿಕಟ್ಟು ನೋಡುತ್ತಿದ್ದರು. ಅಲ್ಲಿ ಕಪ್ಪಿಟ್ಟ ಬೆಳ್ಳಿ ಕಡಗವೊಂದಿತ್ತು.

"ಕಡಗ ಚಲೋ ಐತಿ. ಯಾವಾಗಿಂದು?"

"ಎಂಬತ್ತೊಂಬತ್ತರಾಗ ನನ್ನ ಹಾಡಿಗೆ ಮೆಚ್ಚಿ ಜುಗೂಳದ ಮಂದಿ ಹಾಕಿದ್ದರಿ. ಅವತ್ತಿಂದ ಕೈಯಾಗಿಂದ ತಗದಿಲ್ಲ" ಎಂದು ಅವನು ಅಂಗಿಯ ತುದಿಯಿಂದ ಅದನ್ನು ಒರೆಸಿದ.

ಕಾಕಾ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ದುಡಿದವರು. ಕಬ್ಬಿನ ಹಾಲಿನಲ್ಲಿ ಏನು ಬೆರೆತಿದೆ ಎಂದು ನೋಡಿ ನೋಡಿ ಈಗ ಮನುಷ್ಯರನ್ನೂ ಹಾಗೇ ನೋಡುತ್ತಾರೆ. ಅದಕ್ಕೇ ಸುತ್ತಲಿನ ಊರವರು ಏನು ಕಳುವಾದರೂ ಅವರ ಕಟ್ಟೆಗೆ ಬರುತ್ತಾರೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ಸ್ಟುಡಿಯೋ ಇದ್ದದ್ದು ಬಾಬಾಸಾಹೇಬ ಎಂಬುವರ ದ್ರಾಕ್ಷಿ ತೋಟದ ಹಳೆಯ ಉಗ್ರಾಣದಲ್ಲಿ. ಪಕ್ಕದಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು, ಅದರ ತುದಿಗೆ ಬಾಗಿಲು ಮುಚ್ಚಿದ ಒಂದು ಖೋಲಿ. ಹಣ್ಣಿಗೆ ಬಂಗಾರದ ಬಣ್ಣ ಬರಲೆಂದು ಅದರೊಳಗೆ ಗಂಧಕ ಸುಡುತ್ತಾರೆ. ಗೇಟಿನಲ್ಲೇ ವಾಸನೆ ಗಂಟಲು ಹಿಡಿಯಿತು.

"ಆ ಖೋಲಿ ಒಂದ ಬಿಟ್ಟು ಇಡೀ ತ್ವಾಟ ಹುಡುಕೇವ್ರಿ" ಎಂದರು ಬಾಬಾಸಾಹೇಬ. "ಮುಂಜಾನಿ ಎಂಟಕ್ಕ ಗಂಧಕ ಹಚ್ಚೇನಿ. ಅದರಾಗ ಯಾರ ಹೋಗ್ತಾರ್ರಿ? ನಾನಾದ್ರೂ ಉಂಗುರ ತಗದು ಈ ಗೂಟಕ್ಕ ಹಾಕಿ, ಮುಖಕ್ಕ ಅರಬಿ ಕಟ್ಟಿಕೊಂಡ ಒಳಗ ಹೋಗೂದು." ಅವರ ಬೆರಳಿನ ಬೆಳ್ಳಿ ಉಂಗುರ ಬಿಸಿಲಿಗೆ ಹೊಳೆಯುತ್ತಿತ್ತು. ಆಲ್ಬಮ್ಮಿಗೆ ತಮ್ಮ ತೋಟದ ಹೆಸರಿಡಬೇಕೆಂದು ಅವರು ನೀಲಮಳ ಜೊತೆ ಜಗಳವಾಡಿದ್ದರಂತೆ. ಕೇಳಿದಾಗ ಮುಚ್ಚಿಡಲಿಲ್ಲ.

ರೆಕಾರ್ಡಿಂಗ್ ಮಾಡಿದ ಅಮಿತ ಇಪ್ಪತ್ತೈದರ ಹುಡುಗ, ಒಂದು ಕಿವಿಗೆ ಬೆಳ್ಳನೆಯ ಬೆಳ್ಳಿ ರಿಂಗು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಹಿಂದಿನ ದಿನ ಅಳಿಸಿದವನು ಅವನೇ.

"ಜಾಗ ಸಾಲಲಿಲ್ಲರಿ. ಪುಣೆದಾಗ ಹೆಂಗೂ ಇನ್ನೊಂದು ಕಾಪಿ ಆಗ್ತಿತ್ತು. ನಂದ ತಪ್ಪು" ಎಂದು ತಲೆ ತಗ್ಗಿಸಿದ. ಒಂಬತ್ತಕ್ಕೆ ಅವನು ನಾಷ್ಟಾಕ್ಕೆ ಹೋಗಿದ್ದ. ನೀಲಮ ಬಾಬಾಸಾಹೇಬರ ಮನೆಯೊಳಗೆ ಹೆಂಗಸರ ಜೊತೆ ಕೂತಿದ್ದಳು. ನನಗೆ ಅಮಿತನ ಮೇಲೆಯೇ ಅನುಮಾನ ಗಟ್ಟಿಯಾಯಿತು.

"ಹಾಡುವಾಗ ಧೂಳಪ್ಪ ಬರ್ತಿದ್ದನೇನು?" ಕಾಕಾ ಅವನನ್ನು ಬದಿಗೆ ಕರೆದು ಕೇಳಿದರು.

"ದಿನಾ ಬರ್ತಿದ್ರರಿ. ಹೊರಗ ಬೆಂಚಿನ ಮ್ಯಾಲೆ ಕುಂದರ್ತಿದ್ರು. ನೀಲಮಕ್ಕ ಒಂದೊಂದು ಹಾಡು ಮುಗಿಸಿ ಬಂದು ಅವರ ಮುಖ ನೋಡ್ತಿದ್ಲು. ಒಂದು ಮಾತು ಆಡ್ಲಿಲ್ಲರಿ ಅವರು, ಇಪ್ಪತ್ತ ದಿನದಾಗ."

ಕಾಕಾ ಧೂಳಪ್ಪನ ಬಳಿ ಹೋದರು. "ಮುಂಜಾನಿ ನೀ ಎಲ್ಲಿದ್ದಿ?"

"ಇದ ಬೆಂಚಿನ ಮ್ಯಾಲೆರಿ. ಎದ್ದ ಇಲ್ಲ."

ಆಮೇಲೆ ಕಾಕಾ ಖೋಲಿಯ ಬಾಗಿಲು ತೆಗೆಸಿದರು. ಹೊಗೆ ಹೊರಗೆ ಹೋಗಲು ಅರ್ಧ ತಾಸು ಬೇಕಾಯಿತು. ಬಾಗಿಲ ಪಕ್ಕದ ಎರಡನೆಯ ಪೆಟ್ಟಿಗೆಯಲ್ಲಿ, ಹಣ್ಣಿನ ಅಡಿಯಲ್ಲಿ ಡಿಸ್ಕ್ ಸಿಕ್ಕಿತು. ಅಮಿತ ಓಡಿಹೋಗಿ ಹಚ್ಚಿ ನೋಡಿದ. ಹತ್ತೂ ಹಾಡು ಇದ್ದವು. ಸ್ಟುಡಿಯೋದಲ್ಲಿ ಎಲ್ಲರನ್ನೂ ಕೂರಿಸಿ ಕಾಕಾ ಮಾತು ಶುರುಮಾಡಿದರು.

"ಗಂಧಕದ ಹೊಗಿ ತಾಗಿದ್ರ ಬೆಳ್ಳಿ ಕರ್ರಗಾಗತೈತಿ. ಕಾರ್ಖಾನ್ಯಾಗ ಸಕ್ಕರಿ ಬೆಳ್ಳಗ ಮಾಡೋ ಗಂಧಕದ ಜೋಡಿ ಮೂವತ್ತು ವರ್ಷ ಕಳದೇನಿ. ದ್ರಾಕ್ಷಿ ಮಂದಿಗೂ ಇದು ಗೊತ್ತು, ಅದಕ್ಕ ಬಾಬಾಸಾಹೇಬ್ರು ಉಂಗುರ ತಗದು ಹೋಗ್ತಾರ. ಅಮಿತನ ರಿಂಗು ಬೆಳ್ಳಗ ಐತಿ, ಅವ ಒಳಗ ಹೋಗಿಲ್ಲ."

"ಹಂಗಾರ ಬಾಬಾಸಾಹೇಬ್ರು ಉಂಗುರ ತಗದು ಹೋಗಿ ಇಟ್ಟಿರಬಹುದಲ್ಲ?" ಎಂದೆ ನಾನು.

"ಸಂಜಿಗೆ ಆಳು ಬಂದು ಪೆಟ್ಟಿಗಿ ಹೊರಗ ಸುರೀತಾರ ಅನ್ನೋದು ಅವರಿಗೆ ಗೊತ್ತಿಲ್ಲೇನು? ಗೊತ್ತಿದ್ದವ ಅಲ್ಲಿ ಇಡಾಂಗಿಲ್ಲ. ಇಟ್ಟವ ದ್ರಾಕ್ಷಿ ಕೆಲಸ ಅರಿಯದವ. ಮೂವತ್ತೈದು ವರ್ಷ ಮೈಗೆ ಉಜ್ಜಿದ ಕಡಗ ಹೊಳೀಬೇಕು. ಧೂಳಪ್ಪಂದು ಒಂದ ಮುಂಜಾನ್ಯಾಗ ಕರ್ರಗಾಗೇತಿ. ಬೆಂಚ್ ಬಿಟ್ಟು ಎದ್ದಿಲ್ಲ ಅಂತಾನ."

"ಕಾಕಾ, ಆ ಕಣ್ಣೀರು?" ನನಗೇ ಕೇಳಲು ಸಂಕಟವಾಯಿತು.

"ಅದೂ ಹೊಗೀನ."

ನಾನು ಮಧ್ಯಾಹ್ನ ಪಟ್ಟ ಮರುಕಕ್ಕೆ ನನಗೇ ನಾಚಿಕೆಯಾಯಿತು. ಧೂಳಪ್ಪ ಇಲ್ಲ ಅನ್ನಲಿಲ್ಲ. ನೆಲ ನೋಡುತ್ತಾ ಹೇಳಿದ:

"ಅಮಿತ ನಾಷ್ಟಾಕ್ಕ ಹೋದ್ಮ್ಯಾಗ ಒಳಗ ಬಂದು ಹತ್ತೂ ಕೇಳ್ದೆ. ಕೇಳಿದ್ಮ್ಯಾಲೆ ನನ್ನ ಕೈ ನನ್ನ ಮಾತ ಕೇಳ್ಲಿಲ್ಲ, ಡಿಸ್ಕ್ ಕಿತ್ತು ಯಾರೂ ಹೋಗದ ಖೋಲ್ಯಾಗ ಇಟ್ಟೆ. ನಿಪ್ಪಾಣಿಯಿಂದ ಕಾಗವಾಡದತನಕ ಆ ಹಾಡಂದ್ರ ಧೂಳಪ್ಪ ಅಂತಿದ್ರರಿ. ನಾಳೆ ಇದು ಹೊರಗ ಬಂದ್ರ ನಾ ಎಲ್ಲಿ ಉಳೀತೀನಿ?"

"ಅವು ನಿನ್ನವೂ ಅಲ್ಲಲ್ಲಪಾ" ಎಂದರು ಕಾಕಾ. "ನೀನೂ ಮಂದಿ ಹಾಡ ಹಾಡಿದವ."

ನೀಲಮ ಮೊಬೈಲು ಎತ್ತಿ ಏನೋ ಬರೆದು ನನ್ನ ಕೈಗಿತ್ತಳು. ನಾನು ಓದಿದೆ: "ಹೆಂಗಾಗ್ಯಾವ, ಅಪ್ಪಾ?"

ಧೂಳಪ್ಪ ಕಡಗವನ್ನು ಮತ್ತೆ ಅಂಗಿಯ ತುದಿಯಿಂದ ಒರೆಸಿದ. ಕೊನೆಗೆ, "ನನಗಿಂತ ಚಲೋ ಹಾಡೀದಿ, ಬೇ. ಜೀವ ಇರೋತನಕ ಹಾಡಿದ್ರೂ ನನಗ ಹಂಗ ಬರೂದಿಲ್ಲ" ಎಂದ.

ಅವಳು ಮತ್ತೆ ಬರೆದಳು. ಅಳಿಸಿದಳು. ಮತ್ತೆ ಬರೆದಳು. ಆಮೇಲೆ ಮೊಬೈಲು ನನ್ನ ಕೈಗಿತ್ತಳು. ಒಬ್ಬ ಮಗಳು ತನ್ನ ಅಪ್ಪನಿಗೆ ಹೇಳುವ ಮಾತನ್ನು ನನ್ನ ಒಡಕು ದನಿಯಲ್ಲಿ ಹೇಳಬೇಕಾಗಿ ಬಂದದ್ದು ನನ್ನ ಕರ್ಮ.

"ಇದನ್ನ ನೀ ನನ್ನ ದನಿ ಇದ್ದಾಗ ಹೇಳಬೇಕಿತ್ತು."

ಅವಳು ಡಿಸ್ಕನ್ನು ಎದೆಗವಚಿಕೊಂಡು ಅಮಿತನ ಬೈಕಿನ ಹಿಂದೆ ಕೂತು ಹೊರಟುಹೋದಳು. ಹಿಂತಿರುಗಿ ನೋಡಲಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ.